ಕಾಂಗ್ರೆಸ್ ಕಳೆಯೂ ಗುಣಾಕಾರದ ಲೆಕ್ಕವೂ

ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಕಟ್ಟಿರುವ ಅಣೆಕಟ್ಟನ್ನು ನೋಡಬಂದವರ ಕಣ್ಣು ಸಹಜವಾಗಿ ನೀರಿನ ಮೇಲೆಯೇ ನಿಲ್ಲುತ್ತದೆ. 1964ರಲ್ಲಿ ಅಡಿಗಲ್ಲು ಬಿದ್ದ ಈ ಕಟ್ಟೆಯ ಹಿಂದೆ ಇಂದು ಲಾಲ್ ಬಹಾದೂರ್ ಶಾಸ್ತ್ರಿ ಸಾಗರವು ವಿಶಾಲವಾಗಿ ಹರಡಿಕೊಂಡಿದೆ. ಅಲ್ಲಿಂದ ಹೊರಟ ಕಾಲುವೆಗಳೂ ಏತ ನೀರಾವರಿಗಳೂ ಬರಗಾಲಕ್ಕೆ ಹೆಸರಾದ ವಿಜಯಪುರ ಜಿಲ್ಲೆಯ ಎರೆಭೂಮಿಗೆ ನೀರುಣಿಸುತ್ತಿವೆ. ಆದರೆ ದೃಷ್ಟಿಯನ್ನು ನೀರಿನಿಂದ ತುಸು ಈಚೆಗೆ ಸರಿಸಿ ಕಾಲುವೆಯ ಏರಿಯನ್ನೋ, ರಸ್ತೆಯ ಅಂಚನ್ನೋ, ಬೀಳುಬಿಟ್ಟ ಹೊಲವನ್ನೋ ನೋಡಿದರೆ ಮತ್ತೊಂದು ವಸ್ತು ಕಣ್ಣಿಗೆ ಬೀಳುತ್ತದೆ. ಗಜ್ಜರಿಯ ಎಲೆಯಂತೆ ಸೀಳಿದ ಎಲೆಗಳು, ತುದಿಯಲ್ಲಿ ಗೊಂಚಲು ಗೊಂಚಲಾಗಿ ಸಣ್ಣ ಬಿಳಿಯ ಹೂಗಳು, ಎದೆಯೆತ್ತರದವರೆಗೂ ಬೆಳೆಯುವ ಗಿಡ. ಇದೇ ಪಾರ್ಥೇನಿಯಂ ಹಿಸ್ಟರೋಫೋರಸ್. ನಮ್ಮ ಜನರು ಇದನ್ನು ಕಾಂಗ್ರೆಸ್ ಗಿಡವೆಂದೂ ಕಾಂಗ್ರೆಸ್ ಕಸವೆಂದೂ ಕರೆಯುತ್ತಾರೆ.

ಈ ಗಿಡದ ತವರು ಅಮೆರಿಕ ಖಂಡದ ಉಷ್ಣಪ್ರದೇಶ. 1950ರ ದಶಕದ ಮಧ್ಯದಲ್ಲಿ ಪುಣೆಯ ಬಳಿ ಇದು ಸಸ್ಯಶಾಸ್ತ್ರಜ್ಞರ ಗಮನಕ್ಕೆ ಬಂದಿತು. ಅನಂತರ ಕೆಲವೇ ದಶಕಗಳಲ್ಲಿ ಭಾರತದ ಬಹುಭಾಗವನ್ನು ಆಕ್ರಮಿಸಿತು. ದನಕರುಗಳು ಇದನ್ನು ಮುಟ್ಟಲೊಲ್ಲವು. ಮೇವಿಲ್ಲದೆ ತಿಂದರೆ ಹಾಲು ಕಹಿಯಾಗುತ್ತದೆ. ಹುಲ್ಲುಗಾವಲಿನಲ್ಲಿ ಇದು ಹಬ್ಬಿತೆಂದರೆ ಹುಲ್ಲಿಗೆ ಎಡೆಯಿಲ್ಲ. ಇದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವು ಅನೇಕರ ಚರ್ಮಕ್ಕೆ ಒಗ್ಗದು. ಮೊದಲ ದಿನ ಏನೂ ಆಗದಿದ್ದವನಿಗೂ ಪದೇ ಪದೇ ಸೋಕಿದ ಮೇಲೆ ಮುಖ, ಕುತ್ತಿಗೆ, ಮೊಣಕೈಯ ಮಡಿಕೆಗಳಲ್ಲಿ ತುರಿಕೆಯೆದ್ದು ಚರ್ಮ ದಪ್ಪಗಾಗುವುದುಂಟು. ಇದರ ಪರಾಗದಿಂದ ಕೆಲವರಿಗೆ ಸೀನು, ಉಬ್ಬಸ ಬರುತ್ತವೆ. ಹೊಲದಲ್ಲಿ ದುಡಿದೇ ಬದುಕಬೇಕಾದವನಿಗೆ ಹೊಲಕ್ಕೆ ಕಾಲಿಡುವುದೇ ಕಷ್ಟವಾದರೆ ಅದಕ್ಕಿಂತ ದೊಡ್ಡ ಸಂಕಟ ಯಾವುದಿದೆ?

ಹಾಗಾದರೆ ಇದನ್ನು ಕಿತ್ತು ಎಸೆದುಬಿಡಬಾರದೇಕೆ? ಎಷ್ಟೋ ಊರುಗಳಲ್ಲಿ ಕಿತ್ತಿದ್ದಾರೆ, ಕಿತ್ತು ಬೇಸತ್ತಿದ್ದಾರೆ. ಇದರ ಕಾರಣವನ್ನು ತಿಳಿಯಲು ನಾವು ಸ್ವಲ್ಪ ಲೆಕ್ಕ ಮಾಡಬೇಕು.

ಒಂದು ಗಿಡವು ಹತ್ತು ಸಾವಿರಕ್ಕೂ ಮಿಕ್ಕಿ ಬೀಜಗಳನ್ನು ಕೊಡಬಲ್ಲುದು. ಮೊಳೆತ ಸುಮಾರು ಒಂದು ತಿಂಗಳಿಗೇ ಹೂ ಬಿಡಲಾರಂಭಿಸುವ ಈ ಗಿಡ, ತೇವ ಸಿಕ್ಕಿದರೆ ವರ್ಷದಲ್ಲಿ ಹಲವು ಪೀಳಿಗೆಗಳನ್ನು ಮುಗಿಸುತ್ತದೆ. ಹತ್ತು ಸಾವಿರ ಬೀಜಗಳಲ್ಲಿ ನೂರಕ್ಕೆ ಒಂದು ಮಾತ್ರ ಗಿಡವಾಗಿ ಬೀಜ ಬಿಡುವವರೆಗೆ ಬದುಕಿತೆಂದು ಇಟ್ಟುಕೊಳ್ಳೋಣ. ಆಗ ಒಂದು ಗಿಡದಿಂದ 100, ಎರಡನೆಯ ಪೀಳಿಗೆಯಲ್ಲಿ 10,000, ಮೂರನೆಯದರಲ್ಲಿ 10,00,000 ಗಿಡಗಳು! ಈಗ ರೈತನು ಬಹು ಶ್ರಮಪಟ್ಟು ಪ್ರತಿ ಪೀಳಿಗೆಯಲ್ಲಿಯೂ ನೂರಕ್ಕೆ ತೊಂಬತ್ತು ಗಿಡಗಳನ್ನು ಕಿತ್ತನೆನ್ನೋಣ. ಉಳಿದವು ಹತ್ತು. ಆದರೂ ಮೂರು ಪೀಳಿಗೆಗಳ ಕೊನೆಗೆ ಒಂದು ಗಿಡ ಸಾವಿರವಾಗಿರುತ್ತದೆ. ನೂರಕ್ಕೆ ತೊಂಬತ್ತೊಂಬತ್ತನ್ನು ತೆಗೆದರೆ ಮಾತ್ರ ಒಂದಕ್ಕೆ ಒಂದು ಉಳಿದು ಕಳೆ ಇದ್ದಷ್ಟೇ ಇರುತ್ತದೆ.

ಭೌತಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಈ ಲೆಕ್ಕ ಹೊಸದಲ್ಲ. ಯುರೇನಿಯಂ ಪರಮಾಣು ಒಡೆದಾಗ ಎರಡು ಮೂರು ನ್ಯೂಟ್ರಾನುಗಳು ಹೊರಬರುತ್ತವೆ. ಅವುಗಳಲ್ಲಿ ಸರಾಸರಿ ಒಂದಕ್ಕಿಂತ ಹೆಚ್ಚು ನ್ಯೂಟ್ರಾನುಗಳು ಮತ್ತೆ ಪರಮಾಣುವನ್ನು ಒಡೆದರೆ ಕ್ರಿಯೆ ಬೆಳೆಯುತ್ತ ಹೋಗುತ್ತದೆ. ಒಂದಕ್ಕಿಂತ ಕಡಿಮೆಯಾದರೆ ತಾನಾಗಿ ಆರುತ್ತದೆ. ಕೈಗಾದಂಥ ಪರಮಾಣು ಸ್ಥಾವರದಲ್ಲಿ ನ್ಯೂಟ್ರಾನುಗಳನ್ನು ಹೀರುವ ವಸ್ತುಗಳ ಸಹಾಯದಿಂದ ಈ ಸಂಖ್ಯೆಯನ್ನು ಹತೋಟಿಯಲ್ಲಿಡುತ್ತಾರೆ. ಕಳೆಯ ವಿಷಯದಲ್ಲಿಯೂ ಪ್ರಶ್ನೆ ಅದೇ. ಒಂದು ಗಿಡದಿಂದ ಮುಂದಿನ ಪೀಳಿಗೆಗೆ ಉಳಿಯುವುದು ಒಂದಕ್ಕಿಂತ ಹೆಚ್ಚೋ ಕಡಿಮೆಯೋ?

ನೂರಕ್ಕೆ ತೊಂಬತ್ತೊಂಬತ್ತನ್ನು ಒಬ್ಬನೇ ಒಂದೇ ಉಪಾಯದಿಂದ ತೆಗೆಯುವುದು ಬಲು ಕಠಿನ. ಆದರೆ ಮೂರು ಸಾಧಾರಣ ಉಪಾಯಗಳು ಒಂದರ ಮೇಲೊಂದು ಸೇರಿದರೆ? ಕೈಯಿಂದ ಕೀಳುವುದರಿಂದ ನೂರರಲ್ಲಿ ಎಂಬತ್ತು ಹೋಗಿ ಇಪ್ಪತ್ತು ಉಳಿದುವೆನ್ನೋಣ. ಎಲೆ ತಿನ್ನುವ ಕೀಟವೊಂದು ಈ ಇಪ್ಪತ್ತರಲ್ಲಿ ಐದಕ್ಕೆ ನಾಲ್ಕರಂತೆ ಮುಗಿಸಿದರೆ ಉಳಿಯುವುದು ನಾಲ್ಕು. ಆ ನಾಲ್ಕರೊಡನೆ ನೆಲಕ್ಕೂ ಬೆಳಕಿಗೂ ಸ್ಪರ್ಧಿಸುವ ಬೇರೊಂದು ಸಸ್ಯವು ಮೂರನ್ನು ಅಡಗಿಸಿದರೆ ಉಳಿಯುವುದು ಒಂದೇ. ಒಂದರ ಹಿಂದೊಂದು ಹಿಡಿದ ಮೂರು ಮಬ್ಬು ಗಾಜುಗಳ ಮೂಲಕ ಬೆಳಕು ಹಾಯುವಂತೆ ಇಲ್ಲಿ ಉಳಿಕೆಗಳು ಗುಣಿಸಲ್ಪಡುತ್ತವೆ. ಈ ಅಂಕಿಗಳು ವಿವರಣೆಗಾಗಿ ನಾವು ಇಟ್ಟುಕೊಂಡವು. ಆದರೆ ಗುಣಾಕಾರದ ತತ್ತ್ವ ಸತ್ಯ. ಬೇರೆ ಬೇರೆ ವೃತ್ತಿಯವರು ಕೂಡಿ ದುಡಿಯಬೇಕೆಂಬ ಮಾತು ಬರಿಯ ಉಪದೇಶವಲ್ಲ, ಲೆಕ್ಕವೇ ಹಾಗೆ ಹೇಳುತ್ತದೆ.

ಕರ್ನಾಟಕದಲ್ಲಿ ಈ ಮೂರೂ ಉಪಾಯಗಳಿಗೆ ಆಧಾರವುಂಟು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೀಟಶಾಸ್ತ್ರಜ್ಞರು ಮೆಕ್ಸಿಕೊದಿಂದ ಜೈಗೋಗ್ರಾಮ ಬೈಕಲರೇಟ ಎಂಬ ಜೀರುಂಡೆಯನ್ನು ತರಿಸಿದರು. ಅದು ನಮ್ಮ ಬೆಳೆಗಳನ್ನು ತಿನ್ನುವುದೋ ಇಲ್ಲವೋ ಎಂಬುದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ 1984ರಲ್ಲಿ ಹೊರಕ್ಕೆ ಬಿಟ್ಟರು. ಇದರ ಮರಿಹುಳುಗಳೂ ಪ್ರೌಢ ಕೀಟಗಳೂ ಪಾರ್ಥೇನಿಯಂ ಎಲೆಗಳನ್ನು ತಿನ್ನುತ್ತವೆ. ಕೆಲವು ವರ್ಷಗಳಲ್ಲಿ ಬೆಂಗಳೂರಿನ ಸುತ್ತ ಮಳೆಗಾಲದಲ್ಲಿ ಎಲೆಯಿಲ್ಲದ ಬೋಳುಗಿಡಗಳು ಕಂಡುಬಂದುವು. ಇತ್ತ ಧಾರವಾಡದ ಸೀಮೆಯಲ್ಲಿ ಸೆನ್ನಾ ಯೂನಿಫ್ಲೋರಾ ಎಂಬ ತಗಚೆಯ ಜಾತಿಯ ಸಸ್ಯವು ಪಾರ್ಥೇನಿಯಂ ಅನ್ನು ಅಡಗಿಸುವುದು ಕಂಡುಬಂದಿತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಂ. ಮಹದೇವಪ್ಪನವರು ಈ ಕಳೆಯ ನಿಯಂತ್ರಣದ ವಿಚಾರವನ್ನು ಬಹುವಾಗಿ ಪ್ರಚಾರಪಡಿಸಿದರು. ಆ ಸೆನ್ನಾ ಕೂಡ ಅಮೆರಿಕದಿಂದಲೇ ಬಂದುದು. ಆದುದರಿಂದ ಅದನ್ನು ಎಲ್ಲಿ ಬಿತ್ತಬೇಕು, ಎಲ್ಲಿ ಬಿತ್ತಬಾರದು ಎಂಬುದನ್ನು ಸಸ್ಯಶಾಸ್ತ್ರಜ್ಞರನ್ನು ಕೇಳಿಯೇ ನಿರ್ಧರಿಸಬೇಕು.

ಈ ಕೂಟದಲ್ಲಿ ಒಬ್ಬರು ಹಿಂದೆಗೆದರೆ ಏನಾಗುವುದೆಂಬುದನ್ನು 1990ರ ದಶಕದ ಆರಂಭದ ಘಟನೆಯೊಂದು ತೋರಿಸುತ್ತದೆ. ಆಗ ಈ ಜೀರುಂಡೆಯು ಸೂರ್ಯಕಾಂತಿಯ ಎಲೆಗಳನ್ನು ತಿನ್ನುತ್ತಿದೆಯೆಂಬ ವರದಿಗಳು ಕರ್ನಾಟಕದಲ್ಲಿ ಬಂದುವು. ಸೂರ್ಯಕಾಂತಿಯೂ ಪಾರ್ಥೇನಿಯಂ ಗಿಡವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಎರೆಭೂಮಿಯ ರೈತನಿಗೆ ಸೂರ್ಯಕಾಂತಿ ಕಾಸು ತರುವ ಬೆಳೆ. ಅವನು ಹೆದರಿದ್ದು ನ್ಯಾಯವೇ. ಕೇಂದ್ರ ಸರ್ಕಾರವು ಸತ್ಯಶೋಧನೆಗಾಗಿ ಸಮಿತಿಯನ್ನು ನೇಮಿಸಿತು; ಕೀಟವನ್ನು ಬಿಡುವುದು ನಿಂತಿತು. ನಮ್ಮ ಲೆಕ್ಕದಲ್ಲಿ ಕೀಟವನ್ನು ಅಳಿಸಿ ನೋಡಿ: ಉಳಿಯುವುದು ಒಂದಲ್ಲ, ಐದು, ಮೂರು ಪೀಳಿಗೆಗೆ 125. ಹಾಗೆಂದು ರೈತನ ದೂರನ್ನು ತಳ್ಳಿಹಾಕಲೂ ಆಗದು. ಹೊಲದ ಸಾಕ್ಷ್ಯವನ್ನು ವಿಜ್ಞಾನಿಗಳು ಪ್ರಯೋಗಕ್ಕೆ ಒಡ್ಡಿದಾಗ ಕಾರಣ ತಿಳಿಯಿತು. ಸುತ್ತಲಿನ ಪಾರ್ಥೇನಿಯಂ ಹೂಗಳ ಪರಾಗವು ಸೂರ್ಯಕಾಂತಿಯ ಎಲೆಗಳ ಮೇಲೆ ಬಿದ್ದಿದ್ದಾಗ ಅದರ ರುಚಿಗೆ ಕೀಟವು ಎಲೆಯನ್ನು ಕಚ್ಚುತ್ತಿತ್ತು. ಸೂರ್ಯಕಾಂತಿಯು ಅದರ ಸಹಜ ಆಹಾರವಲ್ಲ. ಆ ದಶಕ ಮುಗಿಯುವ ಹೊತ್ತಿಗೆ ತಡೆ ತೆರವಾಯಿತು. ಹೊಲದ ಸುತ್ತಣ ಕಳೆಯನ್ನು ಹೂ ಬಿಡುವ ಮುನ್ನ ತೆಗೆದರೆ ಬೆಳೆಗೂ ಭಯವಿಲ್ಲ ಎಂಬ ಪಾಠವೂ ದೊರೆಯಿತು.

ಈಗ ಆಲಮಟ್ಟಿಗೆ ಮರಳೋಣ. ಜೀರುಂಡೆಗೆ ಒಂದು ದೌರ್ಬಲ್ಯವುಂಟು. ಮಳೆಗಾಲ ಕಳೆದ ಮೇಲೆ ಬಹುಪಾಲು ಕೀಟಗಳು ಮಣ್ಣಿನೊಳಗೆ ಹೊಕ್ಕು ನಿದ್ರಿಸುತ್ತವೆ. ಮತ್ತೆ ಏಳುವುದು ಮುಂದಿನ ಮಳೆಗೆ. ಬರಿಯ ಮಳೆಯ ನೆಲದಲ್ಲಿ ಕಳೆಯೂ ಬೇಸಿಗೆಯಲ್ಲಿ ಒಣಗುವುದರಿಂದ ಇದು ಅಷ್ಟು ದೊಡ್ಡ ಕೊರತೆಯಲ್ಲ. ಆದರೆ ಕಾಲುವೆಯ ನೀರು ಮುಟ್ಟಿದ ನೆಲದಲ್ಲಿ ಕೀಟ ಮಲಗಿದ್ದಾಗಲೂ ಕಳೆ ಎಚ್ಚರವಾಗಿಯೇ ಇರುತ್ತದೆ. ಆ ತಿಂಗಳುಗಳಲ್ಲಿ ಕೀಟದ ಪಾಲನ್ನೂ ಮನುಷ್ಯನೇ ಹೊರಬೇಕು: ನೂರಕ್ಕೆ ಎಂಬತ್ತು ಸಾಲದು, ತೊಂಬತ್ತಾರು ಗಿಡಗಳನ್ನು ಕೀಳಬೇಕೆಂದು ನಮ್ಮ ಲೆಕ್ಕ ಹೇಳುತ್ತದೆ. ಅಗೆದ ಮಣ್ಣೂ ಹೊಸ ಏರಿಯೂ ಈ ಕಳೆಗೆ ಬಲು ಪ್ರಿಯ. ನೀರು, ಗೊಬ್ಬರ, ಬಂಡಿ, ಯಂತ್ರಗಳ ಗಾಲಿ ಇವೆಲ್ಲ ಬೀಜದ ವಾಹನಗಳು. ಆದುದರಿಂದ ಕಾಲುವೆಯ ಎಂಜಿನಿಯರು, ಕೃಷಿ ಅಧಿಕಾರಿ, ಅರಣ್ಯ ಇಲಾಖೆಯವರು, ಪಂಚಾಯಿತಿಯ ಸದಸ್ಯರು, ವೈದ್ಯರು, ರೈತರು ಒಂದೇ ಕಾಲದಲ್ಲಿ ಕೆಲಸಕ್ಕೆ ಇಳಿಯಬೇಕು. ಮೇಲಿನ ಊರಿನವರು ಕಿತ್ತು ಕೆಳಗಿನವರು ಸುಮ್ಮನಿದ್ದರೂ, ಕೆಳಗಿನವರು ಕಿತ್ತು ಮೇಲಿನವರು ಸುಮ್ಮನಿದ್ದರೂ ಬೀಜ ಗಡಿಯನ್ನು ಕೇಳುವುದಿಲ್ಲ.

ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯವು ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹವನ್ನು ನಡೆಯಿಸುತ್ತದೆ. ಮಳೆಯಿಂದ ನೆಲ ಮೆತ್ತಗಿರುವ ಆ ದಿನಗಳಲ್ಲಿ ಗಿಡ ಬೇರುಸಹಿತ ಬರುತ್ತದೆ. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಕೆಲಸಕ್ಕೆ ತೊಡಗುವುದಾದರೆ ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು. ಬರಿಗೈಯಿಂದ ಮುಟ್ಟಬಾರದು, ಕೈಚೀಲವನ್ನು ತೊಟ್ಟು, ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ತುರಿಕೆ ಅಥವಾ ಉಬ್ಬಸವಿರುವವರು ಈ ಕೆಲಸಕ್ಕೆ ಬರಬಾರದು. ಹೂ ಬಿಡುವ ಮುನ್ನವೇ ಕೀಳಬೇಕು. ಹಾಗೆ ಕಿತ್ತ ಗಿಡವು ಗುಂಡಿಯಲ್ಲಿ ಕೊಳೆತು ಒಳ್ಳೆಯ ಗೊಬ್ಬರವಾಗುತ್ತದೆ, ಬೀಜವಾದ ಮೇಲೆ ಗೊಬ್ಬರದೊಡನೆ ಕಳೆಯನ್ನೇ ಬಿತ್ತಿದಂತಾಗುತ್ತದೆ.

ಈ ಕಳೆಯನ್ನು ಸಂಪೂರ್ಣವಾಗಿ ನಿರ್ಮೂಲ ಮಾಡುವೆವೆಂದು ಯಾರೂ ಭರವಸೆ ಕೊಡಲಾರರು. ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರಬಲ್ಲುವು. ಆದರೆ ನಿರ್ಮೂಲ ಮಾಡಲೇಬೇಕೆಂದೂ ಇಲ್ಲ. ಒಂದು ಗಿಡದ ಸ್ಥಾನದಲ್ಲಿ ಒಂದಕ್ಕಿಂತ ಕಡಿಮೆ ಉಳಿಯುವಂತೆ ಮಾಡಿ, ಆ ಕೆಲಸವನ್ನು ಕೆಲವು ವರ್ಷ ಬಿಡದೆ ನಡೆಯಿಸಿದರೆ ಸಾಕು. ಉಳಿದುದನ್ನು ಗುಣಾಕಾರವೇ ನೋಡಿಕೊಳ್ಳುತ್ತದೆ. ಇಷ್ಟು ದಿನ ಕಳೆಯ ಪರವಾಗಿದ್ದ ಲೆಕ್ಕ ಅಂದಿನಿಂದ ನಮ್ಮ ಪರವಾಗುತ್ತದೆ.