ದಖ್ಖಣದ ತೇಜಿಯೂ ಹ್ಯಾನೋವರಿನ ಕುದುರೆಯೂ



ಕುದುರೆಯೆಂದೊಡನೆ ಪಟ್ಟಣವಾಸಿಗಳಾದ ನಮ್ಮ ಮನಸ್ಸಿಗೆ ಪಂದ್ಯದ ಮೈದಾನವೋ ಮದುವೆಯ ಮೆರವಣಿಗೆಯೋ ಬರುವುದು ಸಹಜ. ಆದರೆ ಒಲಿಂಪಿಕ್ ಕೂಟಗಳಲ್ಲಿ ಅಡ್ಡಗಟ್ಟೆಗಳನ್ನು ಹಾರುವ, ಸವಾರನ ಸೂಕ್ಷ್ಮವಾದ ಸನ್ನೆಗೆ ಹೆಜ್ಜೆಯಿಡುವ ಕುದುರೆಗಳು ಬಹುಮಟ್ಟಿಗೆ ಬೇರೊಂದು ವರ್ಗಕ್ಕೆ ಸೇರಿದವು. ಆ ವರ್ಗಕ್ಕೆ ‘ವಾರ್ಮ್‌ಬ್ಲಡ್’ ಎಂದು ಹೆಸರು. ಅದು ಹೇಗೆ ಹುಟ್ಟಿತು, ಅದೇ ಬಗೆಯ ಬೆರಕೆ ನಡೆದಿದ್ದ ನಮ್ಮ ದಖ್ಖಣದಲ್ಲಿ ಅಂಥ ತಳಿಯೊಂದು ಏಕೆ ನೆಲೆಗೊಳ್ಳಲಿಲ್ಲ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮೊದಲು ಹೆಸರಿನ ಅರ್ಥವನ್ನು ತಿಳಿಯಬೇಕು. ಬೆಚ್ಚನೆಯ ರಕ್ತದ ಕುದುರೆಯೆಂದರೆ ಮೈಯ ಕಾವು ಹೆಚ್ಚಾದ ಕುದುರೆಯಲ್ಲ. ಎಲ್ಲ ಕುದುರೆಗಳ ಮೈಯ ಕಾವೂ ಸುಮಾರು 38 ಡಿಗ್ರಿ ಸೆಂಟಿಗ್ರೇಡೇ. ಇಲ್ಲಿ ಹೇಳುತ್ತಿರುವುದು ಸ್ವಭಾವದ ಮಾತು. ಅರಬ್ಬಿ ಕುದುರೆ, ಅದರ ಸಂಬಂಧದಿಂದ ಇಂಗ್ಲೆಂಡಿನಲ್ಲಿ ಹುಟ್ಟಿದ ಪಂದ್ಯದ ಥರೋಬ್ರೆಡ್, ಇವು ಚುರುಕಾದವು, ಬೇಗ ಕೆರಳತಕ್ಕವು, ಇವುಗಳನ್ನು ಬಿಸಿರಕ್ತದವೆನ್ನುತ್ತಾರೆ. ಉತ್ತರ ಯೂರೋಪಿನಲ್ಲಿ ನೇಗಿಲನ್ನೂ ಭಾರದ ಬಂಡಿಯನ್ನೂ ಎಳೆಯುತ್ತಿದ್ದ ದಪ್ಪ ಮೂಳೆಯ ಸೌಮ್ಯ ಕುದುರೆಗಳನ್ನು ತಣ್ಣನೆಯ ರಕ್ತದವೆನ್ನುತ್ತಾರೆ. ಇವೆರಡರ ನಡುವಣ ಗುಣವುಳ್ಳವು ವಾರ್ಮ್‌ಬ್ಲಡ್‌ಗಳು.

ಆದರೆ ಎರಡನ್ನು ಬೆರಸಿದ ಮಾತ್ರಕ್ಕೆ ತಳಿಯಾಗುವುದಿಲ್ಲ. ಇಂಗ್ಲೆಂಡಿನ ದೊರೆಯೂ ಹ್ಯಾನೋವರಿನ ಅಧಿಪತಿಯೂ ಆಗಿದ್ದ ಎರಡನೆಯ ಜಾರ್ಜನು 1735ರಲ್ಲಿ ಜರ್ಮನಿಯ ಸೆಲ್ಲೆ ಎಂಬ ಊರಿನಲ್ಲಿ ಸರ್ಕಾರಿ ಅಶ್ವಶಾಲೆಯನ್ನು ಸ್ಥಾಪಿಸಿದನು. ಆಯ್ದ ಗಂಡುಕುದುರೆಗಳನ್ನು ಅಲ್ಲಿ ಸಾಕಿ, ಹಳ್ಳಿಗಳಿಗೆ ಕಳುಹಿಸಿ, ರೈತರ ಹೆಣ್ಣುಕುದುರೆಗಳಿಗೆ ಅಲ್ಪ ಶುಲ್ಕಕ್ಕೆ ಒದಗಿಸುವುದು ಇದರ ಕ್ರಮ. ರೈತನಿಗೆ ಉಳುವ ಕುದುರೆ, ಶ್ರೀಮಂತನಿಗೆ ಸಾರೋಟಿನ ಕುದುರೆ, ದೊರೆಗೆ ದಂಡಿನ ಕುದುರೆ, ಈ ಮೂರೂ ಒಂದೇ ತಳಿಯಿಂದ ದೊರೆತವು. ತಳಿ ಬಲು ಒರಟಾಯಿತೆಂದು ಕಂಡಾಗ ಥರೋಬ್ರೆಡ್ಡಿನ ರಕ್ತವನ್ನು ಸೇರಿಸಿದರು. ಬಲು ಹಗುರವಾಯಿತೆಂದು ಕಂಡಾಗ ಕೈ ಹಿಡಿದರು. 1888ರಲ್ಲಿ ವಂಶಾವಳಿಯ ಪುಸ್ತಕ ಮೊದಲಾಯಿತು. ತಂದೆ ಯಾರು, ತಾಯಿ ಯಾರು ಎಂಬುದು ಬರೆಹಕ್ಕೆ ಬಂದಿತು. ಬೀಜದ ಕುದುರೆಯಾಗಲು ಗಂಡುಕುದುರೆ ಇಂದಿಗೂ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಈ ಬರೆಹದ ಬೆಲೆ 20ನೆಯ ಶತಮಾನದಲ್ಲಿ ತಿಳಿದುಬಂದಿತು. ಟ್ರ್ಯಾಕ್ಟರು ನೇಗಿಲಿನ ಕೆಲಸವನ್ನೂ, ಮೋಟಾರು ಸಾರೋಟಿನ ಕೆಲಸವನ್ನೂ, ಯಂತ್ರಸಜ್ಜಿತ ಸೇನೆ ರಾವುತನ ಕೆಲಸವನ್ನೂ ಕಿತ್ತುಕೊಂಡವು. ಮೂರು ಉದ್ಯೋಗಗಳನ್ನೂ ಕಳೆದುಕೊಂಡ ತಳಿ ಅಳಿಯಬೇಕಾಗಿದ್ದಿತು. ಆದರೆ ಯಾವ ಮನೆತನದ ಕುದುರೆ ಚೆನ್ನಾಗಿ ಹಾರುತ್ತದೆ, ಯಾವುದರ ನಡೆ ಲಯಬದ್ಧವಾಗಿದೆ, ಯಾವುದು ತಾಳ್ಮೆಯುಳ್ಳದ್ದು ಎಂಬುದು ಸಾಕಣೆಗಾರರಿಗೆ ಗೊತ್ತಿತ್ತು. ಅವರು ಅದನ್ನೇ ಆಧಾರವಾಗಿಟ್ಟುಕೊಂಡು, ಹೊಸ ರಕ್ತವನ್ನು ಸೇರಿಸಿ, ಉಳುವ ಕುದುರೆಯ ಮೊಮ್ಮಕ್ಕಳನ್ನು ಕ್ರೀಡೆಯ ಕುದುರೆಗಳನ್ನಾಗಿ ಮಾಡಿದರು.

ಈಗ ನಮ್ಮ ನಾಡಿನತ್ತ ತಿರುಗೋಣ. ಔರಾದ ತಾಲ್ಲೂಕಿನ ಚಿಂತಾಕಿ ಮೊದಲಾದ ಊರುಗಳು ಇಂದು ಕರ್ನಾಟಕದ ಬಡಗಣ ಅಂಚಿನಲ್ಲಿವೆ. 15ನೆಯ ಶತಮಾನದಲ್ಲಾದರೋ ಈ ಸೀಮೆ ಬಹಮನಿ ರಾಜ್ಯದ ರಾಜಧಾನಿಯ ಮಗ್ಗುಲಾಗಿದ್ದಿತು. ಆ ರಾಜ್ಯದ ಬಲ ರಾವುತರಲ್ಲಿ, ರಾವುತರ ಬಲ ಕಡಲಾಚೆಯಿಂದ ಬರುವ ಕುದುರೆಗಳಲ್ಲಿ ಇದ್ದಿತು. ಪರ್ಷಿಯದಿಂದ ವರ್ತಕನಾಗಿ ಬಂದು ಮಂತ್ರಿಪದವಿಗೇರಿ, 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ ಗವಾನನಿಗೆ ‘ವರ್ತಕರ ಒಡೆಯ’ ಎಂಬರ್ಥದ ಬಿರುದಿದ್ದುದನ್ನು ಇಲ್ಲಿ ನೆನೆಯಬಹುದು.

ಅದೇ ಕಾಲದಲ್ಲಿ ರಷ್ಯಾ ದೇಶದ ಅಫನಾಸಿ ನಿಕಿಟಿನ್ ಎಂಬ ವರ್ತಕನು ಹೋರ್ಮುಜ್‌ನಿಂದ ಒಂದು ಕುದುರೆಯನ್ನು ಹಡಗಿನಲ್ಲಿ ತಂದು, ಚೌಲ್ ರೇವಿನಲ್ಲಿ ಇಳಿದು, ಒಂದು ವರ್ಷ ಅದಕ್ಕೆ ಮೇವು ಹಾಕಿ, ಕೊನೆಗೆ ಬೀದರಿನಲ್ಲಿ ಮಾರಿದನು. ಆಳಂದದ ಜಾತ್ರೆ ಹತ್ತು ದಿನ ನಡೆಯುವುದೆಂದೂ, ಅಲ್ಲಿಗೆ 20,000 ಕುದುರೆಗಳು ಮಾರಾಟಕ್ಕೆ ಬರುವುವೆಂದೂ ಅವನು ಬರೆದಿಟ್ಟಿದ್ದಾನೆ. ಸಂಖ್ಯೆಯನ್ನು ಪ್ರವಾಸಿಯ ಅಂದಾಜೆಂದು ಎಣಿಸಿದರೂ ವ್ಯಾಪಾರ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಈ ದೇಶದಲ್ಲಿ ಕುದುರೆಗಳೇ ಹುಟ್ಟುವುದಿಲ್ಲವೆಂದೂ ಅವನು ಹೇಳುತ್ತಾನೆ. ಈ ಮಾತನ್ನು ಅಕ್ಷರಶಃ ತೆಗೆದುಕೊಳ್ಳಲಾಗದು. ಹಳ್ಳಿಗಾಡಿನ ಗಿಡ್ಡ ತಟ್ಟುಗಳು ಪಟ್ಟಣದ ವರ್ತಕನ ಲೆಕ್ಕಕ್ಕೆ ಬಂದಿರಲಾರವು.

ಆದರೆ ಆ ತಟ್ಟುಗಳೇ ಮುಂದಿನ ಕಥೆಯ ತಾಯಿಬೇರು. ಹೊರಗಿನಿಂದ ಬಂದ ಅರಬ್ಬಿ ಮತ್ತು ತುರ್ಕಿ ಕುದುರೆಗಳ ರಕ್ತ ಕಾಲಕ್ರಮದಲ್ಲಿ ಇವುಗಳಲ್ಲಿ ಬೆರೆಯಿತು. ಹೀಗೆ ರೂಪುಗೊಂಡುದೇ ದಖ್ಖಣಿ ಕುದುರೆ. ಭೀಮಾನದಿಯ ಬಯಲಿನಲ್ಲಿ ಅದಕ್ಕೆ ‘ಭೀಮಥಡಿ’ಯೆಂದು ಹೆಸರು. ಥಡಿಯೆಂಬ ಮರಾಠಿ ಮಾತು ನಮ್ಮ ‘ತಡಿ’ಯೇ ಎಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ವಾರ್ಮ್‌ಬ್ಲಡ್ಡಿನ ಭುಜದೆತ್ತರ ಸಾಮಾನ್ಯವಾಗಿ 160ರಿಂದ 170 ಸೆಂಟಿಮೀಟರು. ಭೀಮಥಡಿ ಅದಕ್ಕಿಂತ ಬಹಳ ಗಿಡ್ಡ. ಆದರೆ ಒಣಹುಲ್ಲಿನ ಮೇಲೆ ಬದುಕಿ ಕಲ್ಲುದಾರಿಯಲ್ಲಿ ದಣಿವರಿಯದೆ ನಡೆಯುವುದು ಅದರ ಬಲ. 17 ಮತ್ತು 18ನೆಯ ಶತಮಾನಗಳಲ್ಲಿ ಮರಾಠರ ಹಗುರ ದಂಡು ಭಾರವಾದ ಮೊಗಲ್ ಸೇನೆಯನ್ನು ದಣಿಸಿದ್ದು ಇಂಥ ಕುದುರೆಗಳ ಬೆನ್ನೇರಿಯೇ.

ಹಾಗಾದರೆ ಕೊರತೆ ಎಲ್ಲಿ? ರಕ್ತದಲ್ಲಿಯೂ ಅಲ್ಲ, ನೆಲದಲ್ಲಿಯೂ ಅಲ್ಲ. ಬಹಮನಿ ಅರಸರಿಗೆ ಒಳ್ಳೆಯ ಕುದುರೆ ಬೇಕಾದಾಗ ಹಡಗು ಬರುತ್ತಿದ್ದಿತು. ಮನೆಯಲ್ಲಿ ಬೆಳೆಸುವ ಅಗತ್ಯ ಅವರನ್ನು ಅಷ್ಟಾಗಿ ಕಾಡಲಿಲ್ಲ. ಮರಾಠರ ಕಾಲದಲ್ಲಿ ಬೆಳೆದ ತಳಿಗಾದರೂ ಸೆಲ್ಲೆಯಂಥ ಶಾಲೆಯಾಗಲಿ ವಂಶಾವಳಿಯ ಪುಸ್ತಕವಾಗಲಿ ಹುಟ್ಟಲಿಲ್ಲ. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ದಂಡು ಚದುರಿದಾಗ ಕುದುರೆಗೆ ಬೇಡಿಕೆ ತಗ್ಗಿತು. ಬ್ರಿಟಿಷರ ಸೇನೆ ಕ್ರಮೇಣ ಆಸ್ಟ್ರೇಲಿಯದ ‘ವೇಲರ್’ ಕುದುರೆಗಳನ್ನು ತರಿಸಿಕೊಂಡಿತು. ದಖ್ಖಣಿ ಕುದುರೆಯನ್ನು ಉಳಿಸಿದವರು ದೊರೆಗಳಲ್ಲ, ಕುರಿಗಾಹಿಗಳಾದ ಧನಗರರು. ಮಂದೆಯೊಡನೆ ಊರೂರು ಅಲೆಯುವಾಗ ಅವರ ಸಂಸಾರದ ಹೊರೆಯನ್ನು ಹೊರುವ ಪ್ರಾಣಿ ಇದೇ.

ಜನರ ಭಕ್ತಿಯಲ್ಲಿಯಂತೂ ಕುದುರೆ ಅಳಿದಿಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನು ಕುದುರೆಯೇರಿದ ದೈವ. ಆತನನ್ನೇ ಖಂಡೋಬನೆಂದು ಪೂಜಿಸುವ ನೆರೆಯ ನಾಂದೇಡ ಜಿಲ್ಲೆಯ ಮಾಳೇಗಾವದ ಜಾತ್ರೆ ಇಂದಿಗೂ ಕುದುರೆಸಂತೆಗೆ ಹೆಸರಾಗಿದೆ.

2018ರ ಏಷ್ಯನ್ ಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿಯ ಪದಕ ಗೆದ್ದರು. 2023ರಲ್ಲಿ ಹ್ಯಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕೂಟದಲ್ಲಿ ಕುದುರೆಯ ನಡೆಯ ಸ್ಪರ್ಧೆಯಾದ ಡ್ರೆಸಾಜ್‌ನಲ್ಲಿ ಭಾರತದ ತಂಡ ಚಿನ್ನವನ್ನು ತಂದಿತು. ಈ ಗೆಲವು ನಮಗೆ ಹೆಮ್ಮೆಯದು. ಆದರೂ ಆ ತಂಡದ ಸವಾರರು ಪಳಗಿದುದು ಯೂರೋಪಿನಲ್ಲಿ, ಏರಿದುದು ಅಲ್ಲಿಯ ಕುದುರೆಗಳನ್ನು. ಐದೂವರೆ ಶತಮಾನ ಕಳೆದರೂ ಉತ್ತಮ ಕುದುರೆಗಾಗಿ ನಾವು ಕಡಲಾಚೆ ನೋಡುವುದು ತಪ್ಪಿಲ್ಲ.

ಭೀಮಥಡಿಯನ್ನು ಒಲಿಂಪಿಕ್ ಕುದುರೆಯನ್ನಾಗಿ ಮಾಡಬೇಕೆಂಬುದು ನಮ್ಮ ವಾದವಲ್ಲ. ಅದರ ಗುಣ ಬೇರೆ, ಕೆಲಸವೂ ಬೇರೆ. ಈಚಿನ ವರ್ಷಗಳಲ್ಲಿ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆಯು ಅದನ್ನು ಸ್ವತಂತ್ರ ತಳಿಯೆಂದು ನೋಂದಾಯಿಸಿದೆ. ಇದು ಒಳ್ಳೆಯ ಆರಂಭ, ಆದರೆ ಆರಂಭವಷ್ಟೆ. ಕುರಿಗಾಹಿಯ ಬಿಡಾರದಲ್ಲಿ ಹುಟ್ಟುವ ಮರಿಯ ತಂದೆತಾಯಿಗಳ ಹೆಸರು ಬರೆಹಕ್ಕೆ ಬರಬೇಕು. ಒಳ್ಳೆಯ ಗಂಡುಕುದುರೆ ಅವನಿಗೆ ಸುಲಭವಾಗಿ ದೊರೆಯಬೇಕು. ಎತ್ತರದ ಆಸೆಗೆ ಬಿದ್ದು ಸಿಕ್ಕಸಿಕ್ಕ ಕುದುರೆಯೊಡನೆ ಕೂಡಿಸುವುದು ನಿಲ್ಲಬೇಕು. ಹ್ಯಾನೋವರಿನ ರೈತನಿಗೆ 1735ರಿಂದ ದೊರೆತ ಸೌಕರ್ಯ ನಮ್ಮ ಕುರಿಗಾಹಿಗೂ ದೊರೆತರೆ, ಹೊರೆ ಹೊರುವ ಕೆಲಸ ಮುಗಿದ ದಿನವೂ ಆ ಕುದುರೆಗೆ ಬೇರೊಂದು ಕೆಲಸ ಕಾದಿರುತ್ತದೆ.