ಗ್ರೀನರ್ ಜೋಡಿಸಿದ ಗ್ರಂಥಾಲಯ

ರಿಚರ್ಡ್ ಥಿಯೋಡೋರ್ ಗ್ರೀನರ್ (1844–1922) ಅವರ ಹೆಸರು ಅಮೆರಿಕದ ಕಪ್ಪು ಜನರ ಚರಿತ್ರೆಯಲ್ಲಿ ಬಹುಕಾಲ ಒಂದೇ ಸಾಲಿಗೆ ಸೀಮಿತವಾಗಿತ್ತು: 1870ರಲ್ಲಿ ಹಾರ್ವರ್ಡ್ ಕಾಲೇಜಿನಿಂದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ. ಅವರ ಕಾಗದಪತ್ರಗಳೆಲ್ಲ 1906ರ ಸ್ಯಾನ್‌ಫ್ರಾನ್ಸಿಸ್ಕೋ ಭೂಕಂಪದಲ್ಲಿ ನಾಶವಾದವೆಂದು ವಿದ್ವಾಂಸರು ನಂಬಿದ್ದರಿಂದ, ಆ ಸಾಲನ್ನು ಬೆಳೆಸುವ ಆಸೆಯನ್ನೂ ಹೆಚ್ಚಿನವರು ಕೈಬಿಟ್ಟಿದ್ದರು. 2009ರಲ್ಲಿ ಷಿಕಾಗೋ ನಗರದ ಎಂಗಲ್‌ವುಡ್ ಬಡಾವಣೆಯಲ್ಲಿ, ಕೆಡವಲು ಗೊತ್ತುಮಾಡಿದ್ದ ಪಾಳುಮನೆಯೊಂದರ ಅಟ್ಟವನ್ನು ಬರಿದು ಮಾಡುತ್ತಿದ್ದಾಗ ಹಳೆಯ ಟ್ರಂಕೊಂದು ಸಿಕ್ಕಿತು. ಅದರೊಳಗೆ, ನೀರು ತಗುಲಿ ಕಲೆಗಟ್ಟಿದ್ದರೂ ಅಕ್ಷರಗಳು ಓದಲು ಬರುವಂತಿದ್ದ ಹಾರ್ವರ್ಡಿನ ಪದವಿಪತ್ರ, ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದ ಕಾನೂನು ಪದವಿಪತ್ರ ಮತ್ತು ವಕೀಲಿಕೆಯ ಸನ್ನದು ಇದ್ದವು.

ಪತ್ರಿಕೆಗಳು ಸಹಜವಾಗಿಯೇ ಹಾರ್ವರ್ಡಿನ ಹಾಳೆಯ ಬೆನ್ನು ಹತ್ತಿದವು. ಆದರೆ ಆ ಟ್ರಂಕಿನಲ್ಲಿದ್ದ ನಿಜವಾದ ನಿಧಿ ಕಾನೂನು ಪದವಿಪತ್ರವೇ ಎಂದು ವಾದಿಸಲು ಕಾರಣಗಳಿವೆ. ಹಾರ್ವರ್ಡ್ ಅವರನ್ನು ಒಂದು ಪ್ರಯೋಗವೆಂಬಂತೆ ಸೇರಿಸಿಕೊಂಡು ಮೊದಲ ವರ್ಷವನ್ನು ಎರಡು ಸಲ ಓದಿಸಿತ್ತು. ದಕ್ಷಿಣ ಕೆರೊಲಿನಾದಲ್ಲಿಯಾದರೋ ಅವರು ಪ್ರಯೋಗದ ವಸ್ತುವಾಗಿರದೆ ಅದನ್ನು ನಡೆಸುವವರಲ್ಲಿ ಒಬ್ಬರಾಗಿದ್ದರು.

ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ 1865ರಿಂದ 1877ರವರೆಗೆ, ಸೋತ ದಕ್ಷಿಣದ ರಾಜ್ಯಗಳನ್ನು ಒಕ್ಕೂಟದೊಳಕ್ಕೆ ಮರಳಿ ಸೇರಿಸಿಕೊಂಡು ಬಿಡುಗಡೆಗೊಂಡವರಿಗೆ ಪೌರತ್ವವನ್ನೂ ಮತದ ಹಕ್ಕನ್ನೂ ಕೊಡಲು ನಡೆದ ಯತ್ನವನ್ನು ಇತಿಹಾಸಕಾರರು ‘ಪುನರ್ನಿರ್ಮಾಣ’ ಎಂದು ಕರೆಯುತ್ತಾರೆ. ಆ ಕಾಲದಲ್ಲಿ ಕೊಲಂಬಿಯಾ ನಗರದ ಈ ವಿಶ್ವವಿದ್ಯಾಲಯದ ಬಾಗಿಲು ಕಪ್ಪು ವಿದ್ಯಾರ್ಥಿಗಳಿಗೂ ತೆರೆಯಿತು. 1873ರ ಅಕ್ಟೋಬರಿನಲ್ಲಿ ರಾಜ್ಯದ ಕಾರ್ಯದರ್ಶಿಯಾಗಿದ್ದ ಹೆನ್ರಿ ಹೇಯ್ನ್ ವೈದ್ಯಕೀಯ ವಿಭಾಗಕ್ಕೆ ಹೆಸರು ನೋಂದಾಯಿಸಿದ ಕೂಡಲೇ ಬಿಳಿಯ ಪ್ರಾಧ್ಯಾಪಕರು ಕೆಲವರು ರಾಜೀನಾಮೆ ಕೊಟ್ಟು ಹೊರಟರು. ಅದೇ ಹೊತ್ತಿನಲ್ಲಿ ಮಾನಸಿಕ ಮತ್ತು ನೈತಿಕ ತತ್ತ್ವಶಾಸ್ತ್ರದ, ಅಂದರೆ ಮನಸ್ಸಿನ ವ್ಯಾಪಾರಗಳನ್ನೂ ನೀತಿಯನ್ನೂ ಒಟ್ಟಿಗೆ ವಿಚಾರಿಸುವ ಶಾಸ್ತ್ರದ, ಪ್ರಾಧ್ಯಾಪಕರಾಗಿ ಬಂದ ಗ್ರೀನರ್ ಲ್ಯಾಟಿನ್ ಮತ್ತು ಗ್ರೀಕನ್ನೂ ಕಲಿಸಿದರು. ಬಿಡುವಿನಲ್ಲಿ ತಾವೇ ಕಾನೂನು ಓದಿ 1876ರಲ್ಲಿ ಪದವಿ ಪಡೆದರು. ಆ ಅಲ್ಪಕಾಲದಲ್ಲಿ ಅಲ್ಲಿ ಓದಿದ ಟಿ. ಮೆಕ್ಯಾಂಟ್ಸ್ ಸ್ಟೀವರ್ಟ್ ಮುಂದೆ ಲೈಬೀರಿಯಾದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದರು.

ಆದರೆ ಈ ವೃತ್ತಾಂತದಲ್ಲಿ ಮತ್ತೆ ಮತ್ತೆ ಗಮನ ಸೆಳೆಯುವುದು, ಚರಿತ್ರೆಯ ಪುಸ್ತಕಗಳು ಅರ್ಧ ವಾಕ್ಯದಲ್ಲಿ ದಾಟಿಬಿಡುವ 1875ರ ಕೆಲವು ತಿಂಗಳುಗಳು. 1840ರಲ್ಲಿ ಕಟ್ಟಿದ ಅಲ್ಲಿನ ಗ್ರಂಥಾಲಯವು, ಅಮೆರಿಕದ ಕಾಲೇಜೊಂದು ಪುಸ್ತಕಗಳಿಗೆಂದೇ ಪ್ರತ್ಯೇಕವಾಗಿ ಕಟ್ಟಿಸಿದ ಮೊದಲ ಕಟ್ಟಡ. ಯುದ್ಧಾನಂತರ ಅಸ್ತವ್ಯಸ್ತವಾಗಿದ್ದ ಅದರ ಹೊಣೆ ಹೊತ್ತ ಗ್ರೀನರ್ ಸುಮಾರು 27,000 ಸಂಪುಟಗಳನ್ನು ವಿಂಗಡಿಸಿ, ಪಟ್ಟಿಮಾಡಿ, ಅಪರೂಪದ ಗ್ರಂಥಗಳನ್ನು ಬೇರೆಯಾಗಿ ಗುರುತಿಸಿದರು. ಗುಲಾಮರನ್ನಿಟ್ಟುಕೊಂಡಿದ್ದ ಶ್ರೀಮಂತ ಮನೆತನಗಳ ಮಕ್ಕಳಿಗಾಗಿ ಕೂಡಿಸಿದ್ದ ಪುಸ್ತಕರಾಶಿಯನ್ನು, ಗುಲಾಮರಿಗೆ ಓದು ಕಲಿಸುವುದೇ ಹಿಂದೆ ಅಪರಾಧವಾಗಿದ್ದ ರಾಜ್ಯದಲ್ಲಿ ಒಬ್ಬ ಕಪ್ಪು ಪ್ರಾಧ್ಯಾಪಕರು ಕಪಾಟು ಕಪಾಟಾಗಿ ಮರಳಿ ಓದಿಗೆ ಒದಗಿಸಿದರು. ಭಾಷಣಗಳಿಗೆ ಹೋಲಿಸಿದರೆ ಇದು ಧೂಳಿನ, ಸದ್ದಿಲ್ಲದ ಕೆಲಸ. ಬಹುಶಃ ಆ ಕಾರಣಕ್ಕೇ ಅವರ ಅಭಿಮಾನಿಗಳೂ ಇದನ್ನು ಕಡೆಗಣಿಸಿದ್ದಾರೆ. 2018ರಲ್ಲಿ ವಿಶ್ವವಿದ್ಯಾಲಯವು ಅವರ ಕಂಚಿನ ಪ್ರತಿಮೆಯನ್ನು ಈಗಿನ ಮುಖ್ಯ ಗ್ರಂಥಾಲಯದ ಬಳಿ ನಿಲ್ಲಿಸಿದ್ದು, ತಡವಾಗಿಯಾದರೂ, ಸರಿಯಾದ ಆಯ್ಕೆ.

ಪುಸ್ತಕದ ಈ ನಂಟು ಮುಂದಿನ ತಲೆಮಾರಿಗೂ ಹರಿಯಿತೆಂಬುದು ಇನ್ನೊಂದು ವಿಚಿತ್ರ. ಗ್ರೀನರ್ ಅವರ ಮಗಳು ಬೆಲ್, ತಂದೆತಾಯಿ ಬೇರೆಯಾದ ಮೇಲೆ ಕುಟುಂಬದ ಹೆಸರಿನ ಕೊನೆಯ ಅಕ್ಷರವನ್ನು ಕೈಬಿಟ್ಟು, ಪೋರ್ಚುಗೀಸ್ ಮೂಲದವಳೆಂದು ಹೇಳಿಕೊಂಡು, ಬಿಳಿಯ ಮಹಿಳೆಯಾಗಿ ಬದುಕಿದವರು. ಬೆಲ್ ಡ ಕೋಸ್ಟಾ ಗ್ರೀನ್ ಎಂಬ ಹೆಸರಿನಲ್ಲಿ ಅವರು ಹಣಕಾಸಿನ ದೊರೆ ಜೆ. ಪಿ. ಮಾರ್ಗನ್ನರ ಗ್ರಂಥಪಾಲಕಿಯಾಗಿ, 1924ರಲ್ಲಿ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದ ಮೊದಲ ನಿರ್ದೇಶಕಿಯಾದರು ಮತ್ತು ಸಾಯುವ ಮುನ್ನ ತಮ್ಮ ಖಾಸಗಿ ಕಾಗದಗಳನ್ನು ಸುಟ್ಟುಹಾಕಿದರು. ಗುರುತನ್ನು ಮರೆಮಾಡಿದ್ದಕ್ಕಾಗಿ ಮಗಳನ್ನು ದೂರುವುದು ಸುಲಭ. ಆದರೆ ಕಪ್ಪು ಮಹಿಳೆಯೆಂದು ಘೋಷಿಸಿಕೊಂಡವರಿಗೆ ಅಂದಿನ ನ್ಯೂಯಾರ್ಕ್ ಆ ಹುದ್ದೆಯನ್ನು ಕೊಡುತ್ತಿತ್ತೆಂದು ನಂಬುವುದು ಕಷ್ಟ.

ಮತ್ತೆ ದಕ್ಷಿಣ ಕೆರೊಲಿನಾದ ಕಥೆಗೆ ಬಂದರೆ, 1877ರಲ್ಲಿ ಒಕ್ಕೂಟದ ಸೇನೆ ಹಿಂದೆ ಸರಿದು ಅಧಿಕಾರವು ಹಳೆಯ ಪ್ರಭುಗಳ ಪಕ್ಷಕ್ಕೆ ಮರಳಿದಾಗ ಹೊಸ ಸರ್ಕಾರವು ವಿಶ್ವವಿದ್ಯಾಲಯವನ್ನೇ ಮುಚ್ಚಿತು. 1880ರಲ್ಲಿ ಅದು ಬಿಳಿಯರಿಗೆ ಮಾತ್ರ ಮೀಸಲಾಗಿ ತೆರೆಯಿತು, ಕಪ್ಪು ವಿದ್ಯಾರ್ಥಿಗಳು ಮತ್ತೆ ಒಳಗೆ ಕಾಲಿಟ್ಟದ್ದು 1963ರಲ್ಲಿ. ವಾಷಿಂಗ್ಟನ್ನಿಗೆ ತೆರಳಿದ ಗ್ರೀನರ್ ಹೊವರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಡೀನ್ ಆದರು. 1879ರಲ್ಲಿ ದಕ್ಷಿಣದ ಹಿಂಸೆಗೆ ಬೇಸತ್ತ ಸಾವಿರಾರು ಕಪ್ಪು ಕುಟುಂಬಗಳು ಕ್ಯಾನ್ಸಸ್ ಕಡೆಗೆ ಗುಳೆ ಹೊರಟಾಗ, ಇದ್ದಲ್ಲೇ ನಿಂತು ಹಕ್ಕು ಕೇಳಬೇಕೆಂದ ಫ್ರೆಡರಿಕ್ ಡಗ್ಲಸ್ ಅವರಂಥ ಹಿರಿಯ ನಾಯಕರಿಗೆ ಎದುರಾಗಿ ನಿಂತು, ಸರಟೋಗಾದಲ್ಲಿ ಸೇರಿದ ಸಮಾಜ ವಿಜ್ಞಾನ ಸಂಘದ ಸಭೆಯಲ್ಲಿ ವಲಸೆಯನ್ನು ಸಮರ್ಥಿಸಿದರು. ಡಗ್ಲಸ್ ತಾವು ಹೋಗದೆ ತಮ್ಮ ಪ್ರಬಂಧವನ್ನು ಬೇರೊಬ್ಬರಿಂದ ಓದಿಸಿದ್ದರು. ಆ ವಾದದಲ್ಲಿ, ಉಳುಮೆಗಾರರ ಕಷ್ಟವನ್ನು ಹತ್ತಿರದಿಂದ ಬಲ್ಲ ಕಿರಿಯರ ಮಾತಿಗೇ ತೂಕ ಹೆಚ್ಚಿತ್ತೆಂದು ಇಂದು ಅನ್ನಿಸುತ್ತದೆ.

ಆನಂತರದ್ದನ್ನು ಚುಟುಕಾಗಿ ಹೇಳಬಹುದು. ಮಾಜಿ ಅಧ್ಯಕ್ಷ ಗ್ರಾಂಟ್ ಅವರ ಸ್ಮಾರಕ ಸಂಘಕ್ಕೆ 1885ರಿಂದ ಕಾರ್ಯದರ್ಶಿಯಾಗಿದ್ದ ಗ್ರೀನರ್ ಅವರನ್ನು ಅಧ್ಯಕ್ಷ ಮೆಕಿನ್ಲಿ 1898ರಲ್ಲಿ ಮುಂಬಯಿಗೆ ಅಮೆರಿಕದ ಕಾನ್ಸುಲ್, ಅಂದರೆ ವಿದೇಶಿ ಬಂದರಿನಲ್ಲಿ ತನ್ನ ದೇಶದ ವ್ಯಾಪಾರವನ್ನೂ ಪ್ರಜೆಗಳನ್ನೂ ನೋಡಿಕೊಳ್ಳುವ ಅಧಿಕಾರಿ, ಆಗಿ ನೇಮಿಸಿದರು. ಆದರೆ ಮುಂಬಯಿಯನ್ನು 1896ರಿಂದ ಕಾಡುತ್ತಿದ್ದ, ಅದೇ 1898ರಲ್ಲಿ ಬೆಂಗಳೂರಿಗೂ ಬಂದೆರಗಿದ ಪ್ಲೇಗಿನ ಕಾರಣದಿಂದ ಅವರು ಆ ಹುದ್ದೆಯನ್ನು ಒಪ್ಪಿಕೊಳ್ಳದೆ, ರಷ್ಯಾದ ಪೂರ್ವದಂಚಿನ ವ್ಲಾಡಿವೊಸ್ಟಾಕ್ ಬಂದರಿಗೆ ಹೋದರು. ರಷ್ಯಾ–ಜಪಾನ್ ಯುದ್ಧ ನಡೆದಾಗ ಅಲ್ಲಿನ ಜಪಾನೀಯರ ಹಿತಾಸಕ್ತಿಗಳನ್ನು ನೋಡಿಕೊಳ್ಳುವ ಹೊಣೆಯೂ ಅವರ ಮೇಲೆ ಬಿತ್ತು. 1905ರಲ್ಲಿ ಆ ಸೇವೆ ಕೊನೆಗೊಂಡ ಮೇಲೆ ಅವರಿಗೆ ಬೇರೆ ಸರ್ಕಾರಿ ಹುದ್ದೆ ದೊರೆಯಲಿಲ್ಲ.