ಬಾಗುವ ಲೋಹದ ಗುಟ್ಟು

ಕರೋಲ್ ಬಾಗಿನ ಬ್ಯಾಂಕ್ ಸ್ಟ್ರೀಟಿನಲ್ಲಿ ಚಿನ್ನದ ಅಂಗಡಿಗಳು ಸಾಲುಗಟ್ಟಿ ನಿಂತಿವೆ. ತಂಗಿಯ ಮದುವೆಗೆಂದು ಬಳೆ ಕೊಳ್ಳಲು ಅಲ್ಲಿಗೆ ಹೋಗುವ ನಮ್ಮವರು ತೂಕವನ್ನೂ ಬೆಲೆಯನ್ನೂ ವಿಚಾರಿಸುತ್ತಾರೆಯೇ ಹೊರತು, ಗಟ್ಟಿಯಾದ ಲೋಹವು ಅಕ್ಕಸಾಲಿಗನ ಕೈಯಲ್ಲಿ ಮೇಣದಂತೆ ಬಾಗುವುದು ಹೇಗೆಂದು ಕೇಳುವವರು ವಿರಳ. ಆ ಪ್ರಶ್ನೆಯ ಉತ್ತರವು ಆಭರಣಕ್ಕೆ ಮಾತ್ರವಲ್ಲ, ನಮ್ಮ ಹೋಟೆಲುಗಳ ಅಡಿಗೆಮನೆಗೂ ಸಂಬಂಧಿಸಿದ್ದಾಗಿದೆ.

ಕಚೇರಿಯ ಗುಮಾಸ್ತರು ಮೇಜಿನ ಮೇಲಿನ ಜೆಮ್ ಕ್ಲಿಪ್ಪೊಂದನ್ನು ಕೈಗೆತ್ತಿಕೊಳ್ಳಲಿ. ತುಸುವೇ ಅಗಲಿಸಿ ಬಿಟ್ಟರೆ ಅದು ಮೊದಲಿನ ಆಕಾರಕ್ಕೆ ಮರಳುತ್ತದೆ. ಒಂದು ಮೇರೆಯನ್ನು ಮೀರಿ ಬಾಗಿಸಿದರೆ ಬಾಗಿದಂತೆಯೇ ನಿಲ್ಲುತ್ತದೆ. ಈ ಶಾಶ್ವತವಾದ ರೂಪಬದಲಾವಣೆಗೆ ಶಾಸ್ತ್ರದಲ್ಲಿ ಪ್ಲಾಸ್ಟಿಕ್ ವಿರೂಪವೆಂದು ಹೆಸರು. 1864ರಲ್ಲಿ ಫ್ರಾನ್ಸಿನ ಇಂಜಿನಿಯರ್ ಟ್ರೆಸ್ಕಾ, ಭಾರಿ ಒತ್ತಡಕ್ಕೆ ಸಿಕ್ಕಿದ ಘನಲೋಹವೂ ದ್ರವದಂತೆ ರಂಧ್ರದ ಮೂಲಕ ಹರಿಯಬಲ್ಲುದೆಂದು ತೋರಿಸಿದನು. ಪದರದ ಮೇಲೆ ಪದರವನ್ನು ಜಾರಿಸುವ ಒತ್ತಡವು ಒಂದು ಮಿತಿಯನ್ನು ಮುಟ್ಟಿದಾಗ ಈ ಹರಿವು ಮೊದಲಾಗುವುದೆಂಬುದು ಅವನ ನಿಯಮ.

ಆದರೂ ಒಗಟೊಂದು ಉಳಿದಿತ್ತು. ಪರಮಾಣುಗಳ ಇಡೀ ಪದರವನ್ನು ಒಮ್ಮೆಗೇ ಜಾರಿಸಲು ಎಷ್ಟು ಬಲ ಬೇಕೆಂದು 1926ರಲ್ಲಿ ರಷ್ಯದ ಫ್ರೆಂಕೆಲ್ ಲೆಕ್ಕ ಹಾಕಿದನು. ಶುದ್ಧ ಲೋಹಗಳಾದರೋ ಅದರ ನೂರರಲ್ಲೊಂದು, ಸಾವಿರದಲ್ಲೊಂದು ಪಾಲು ಬಲಕ್ಕೇ ಮಣಿಯುತ್ತಿದ್ದವು! 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು ಪ್ರತ್ಯೇಕವಾಗಿ ಇದರ ಕಾರಣವನ್ನು ಕಂಡುಹಿಡಿದರು. ದೊಡ್ಡ ಜಮಖಾನೆಯನ್ನು ಇಡಿಯಾಗಿ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸುಕ್ಕೆಬ್ಬಿಸಿ, ಆ ಸುಕ್ಕನ್ನು ಇನ್ನೊಂದು ತುದಿಯವರೆಗೆ ತಳ್ಳಿಕೊಂಡು ಹೋದರೆ ಜಮಖಾನೆ ಸುಲಭವಾಗಿ ಸರಿಯುತ್ತದೆ. ಲೋಹದ ಹರಳುಗಳೊಳಗೂ ಅಂತಹ ದೋಷರೇಖೆಗಳಿವೆ. ಅವುಗಳ ಓಡಾಟದಿಂದಲೇ ಲೋಹವು ಬಾಗುತ್ತದೆ. 1956ರಲ್ಲಿ ಕೇಂಬ್ರಿಜ್ಜಿನ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವು ಚಲಿಸುವುದನ್ನು ಕಣ್ಣಾರೆ ಕಂಡರು.

ಅಪ್ಪಟ ಚಿನ್ನದಲ್ಲಿ ಈ ಓಟಕ್ಕೆ ಅಡ್ಡಿ ಕಡಿಮೆ. ಆದುದರಿಂದಲೇ ಒಂದು ಗ್ರಾಂ ಚಿನ್ನವನ್ನು ಸುಮಾರು 2 ಕಿಲೋಮೀಟರ್ ಉದ್ದದ ತಂತಿಯಾಗಿ ಎಳೆಯಬಹುದು. ಆದುದರಿಂದಲೇ ಅಪ್ಪಟ ಚಿನ್ನದ ಬಳೆ ಬಲುಬೇಗ ಸೊಟ್ಟಗಾಗುತ್ತದೆ. 22 ಕ್ಯಾರೆಟ್ ಎಂದರೆ 24ರಲ್ಲಿ 22 ಪಾಲು ಚಿನ್ನ. ಉಳಿದ 2 ಪಾಲಿನ ತಾಮ್ರ, ಬೆಳ್ಳಿಗಳ ಪರಮಾಣುಗಳು ದೋಷರೇಖೆಗಳ ದಾರಿಗೆ ಅಡ್ಡಗಲ್ಲಾಗಿ ನಿಂತು ಆಭರಣಕ್ಕೆ ಗಟ್ಟಿತನವನ್ನು ಕೊಡುತ್ತವೆ. ಹೇಳಿದ ಪ್ರಮಾಣದಲ್ಲಿರುವ ಬೆರಕೆ ಮೋಸವಲ್ಲ, ಅವಶ್ಯಕತೆ.

ತಂತಿಯನ್ನು ಎಳೆದಂತೆಲ್ಲ ದೋಷರೇಖೆಗಳು ಹೆಚ್ಚಿ, ಒಂದಕ್ಕೊಂದು ತೊಡರಿಕೊಂಡು ಲೋಹವು ಬಿರುಸಾಗುತ್ತದೆ. ಆಗ ಅಕ್ಕಸಾಲಿಗನು ಅದನ್ನು ಕಾಯಿಸುತ್ತಾನೆ. ಶಾಖದಿಂದ ಹೊಸ ಹರಳುಗಳು ಮೂಡಿ ಲೋಹವು ಮತ್ತೆ ಮೃದುವಾಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬುದು ನಮ್ಮ ಗಾದೆ. ಲೋಹಕ್ಕಾದರೋ ಬೆಂಕಿಯಲ್ಲಿ ಮರಳಿ ಗಿಡವಾಗುವ ಭಾಗ್ಯವುಂಟು.

ಸೊಟ್ಟಗಾದ ಬಾಣಲೆಯ ಹಿಡಿಗೆ ಆ ಭಾಗ್ಯವೆಲ್ಲಿ? ಅದನ್ನು ತಣ್ಣಗಿರುವಾಗಲೇ ಬಡಿದು ನೆಟ್ಟಗೆ ಮಾಡುತ್ತೇವೆ. ಮತ್ತೆ ಬಾಗಿದರೆ ಮತ್ತೆ ಬಡಿಯುತ್ತೇವೆ. ಪ್ರತಿಸಲವೂ ಅದು ಹೆಚ್ಚು ಗಟ್ಟಿಯಾದಂತೆ ತೋರುತ್ತದೆ. ಆ ಗಟ್ಟಿತನವನ್ನು ನಂಬಬಾರದು; ಬಾಗುವ ಶಕ್ತಿ ಉಡುಗಿದ ಲೋಹಕ್ಕೆ ಉಳಿದಿರುವ ದಾರಿ ಬಿರುಕು ಬಿಡುವುದೊಂದೇ. ಕುದಿಯುವ ಎಣ್ಣೆಯನ್ನು ಎತ್ತುವ ಹೊತ್ತಿನಲ್ಲಿ ಹಿಡಿ ಮುರಿದರೆ ಸುಡುವುದು ಕೆಲಸಗಾರನ ಮೈಯೇ. ಆದುದರಿಂದ ಪದೇ ಪದೇ ಬಾಗಿದ ಹಿಡಿಯನ್ನು ಬದಲಾಯಿಸಿಕೊಡಿರೆಂದು ಯಜಮಾನರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಅವರು ನಂಬದಿದ್ದರೆ ಜೆಮ್ ಕ್ಲಿಪ್ಪೊಂದನ್ನು ಅವರ ಕೈಗಿತ್ತು, ಒಂದೇ ಕಡೆ ಹಲವು ಬಾರಿ ಹಿಂದೆ ಮುಂದೆ ಬಾಗಿಸಲು ಹೇಳಿರಿ. ಅದು ಪಟ್ಟನೆ ತುಂಡಾದಾಗ ಬೇರೆ ವಾದವೇ ಬೇಕಾಗದು.